‘ಮಿಥ್ಯ ಬಿಂಬ’ ಸರಿ, ‘ಮಿಥ್ಯ ವಸ್ತು’ ಅನ್ನಬಹುದಾ?

ಬೆಂಗಳೂರಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳೇ ಜಾಸ್ತಿ. ‘ಮಿಥ್ಯ ಪ್ರತಿಬಿಂಬ’ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಪಿಯುಗೆ ಬಂದಾಗ ‘ವರ್ಚುವಲ್ ಆಬ್ಜೆಕ್ಟ್’ ಎದುರಾಗುತ್ತದೆ. ಕಿರಣಗಳು ಒಂದು ಕಡೆ ಕೂಡಲು ಹೊರಟಿರುವಾಗ ನಡುವೆ ಇನ್ನೊಂದು ಮಸೂರ ಅಡ್ಡ ಬಂದರೆ, ಅವು ಕೂಡಬೇಕಿದ್ದ ಆ ಜಾಗದಲ್ಲಿ ಆ ಮಸೂರದ ವಸ್ತು ಇದೆ ಅಂತ ಲೆಕ್ಕ ಹಾಕುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ‘ಮಿಥ್ಯ ವಸ್ತು’ ಅಂದುಬಿಡುವುದು ಸುಲಭ. ನನಗೆ ಅದು ಒಪ್ಪುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ನೀವೂ ಯೋಚಿಸಿ.

ಮೊದಲು ಬಿಂಬ. ಆಟೋದ ಪಕ್ಕದಲ್ಲಿರುವ ಕನ್ನಡಿ ಪೀನ ದರ್ಪಣ, ಅಂದರೆ ಹೊರಕ್ಕೆ ಉಬ್ಬಿದ ಕನ್ನಡಿ. ಹಿಂದೆ ಬರುವ ಬೈಕು ಅದರಲ್ಲಿ ಚಿಕ್ಕದಾಗಿ, ಕನ್ನಡಿಯ ಆಚೆಗೆ ಇರುವ ಹಾಗೆ ಕಾಣುತ್ತದೆ. ಆ ಬೈಕಿನ ಬೆಳಕು ಕನ್ನಡಿಯ ಆಚೆಗೆ ಹೋಗೇ ಇಲ್ಲ. ಕಣ್ಣಿಗೆ ಬರುವ ಕಿರಣಗಳನ್ನು ಕಾಗದದ ಮೇಲೆ ಹಿಂದಕ್ಕೆ ಎಳೆದರೆ ಅವು ಅಲ್ಲಿ ಕೂಡುತ್ತವೆ, ಅಷ್ಟೇ. ಇದನ್ನು ಮಿಥ್ಯ ಅಂದರೆ ಮಕ್ಕಳು ‘ಸುಳ್ಳು’ ಅಂದುಕೊಳ್ಳುತ್ತಾರೆ ಅನ್ನುವ ದೂರು ಇದೆ. ಅದರಲ್ಲಿ ಹುರುಳಿದೆ. ಕನ್ನಡಿಯಲ್ಲಿ ಕಾಣುವ ಮುಖದ ಫೋಟೋ ತೆಗೆಯಬಹುದು, ಅಲ್ವಾ? ಮೈನಸ್ 2 ಪವರಿನ ಕನ್ನಡಕ ಹಾಕಿದವರು ದೂರದ ಅಂಗಡಿಯ ಬೋರ್ಡು ಓದುವಾಗ ನೋಡುವುದೂ ಮಿಥ್ಯ ಬಿಂಬವನ್ನೇ. ಅದು ಕನ್ನಡಕದಿಂದ ಅರ್ಧ ಮೀಟರ್ ಮುಂದೆ ಇರುತ್ತದೆ.

ಆದರೂ ‘ಮಿಥ್ಯ’ವನ್ನು ಬಿಡಲು ನನಗೆ ಮನಸ್ಸಿಲ್ಲ. ಅದ್ವೈತ ವೇದಾಂತದಲ್ಲಿ ಮಿಥ್ಯ ಅಂದರೆ ಇಲ್ಲವೇ ಇಲ್ಲದ್ದು ಅಂತಲ್ಲ. ಮೊಲದ ಕೊಂಬು ಇಲ್ಲವೇ ಇಲ್ಲದ್ದು, ಅದು ಅಸತ್. ಹಗ್ಗದಲ್ಲಿ ಕಂಡ ಹಾವು ಮಿಥ್ಯ. ಕಾಣುವುದೇನೋ ನಿಜ, ಆದರೆ ಕಂಡ ಜಾಗದಲ್ಲಿ ಅದಿಲ್ಲ. ಕನ್ನಡಿಯ ಬಿಂಬಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ತೆಲುಗಿನಲ್ಲೂ ಮಿಥ್ಯಾ ಅಂತಾರೆ, ತಮಿಳಿನಲ್ಲಿ ಮಾಯ ಬಿಂಬ. ಹಿಂದಿ, ಮರಾಠಿಯ ‘ಆಭಾಸಿ’ ನಮಗೆ ಒಗ್ಗುವುದಿಲ್ಲ. ‘ಆಭಾಸ ಆಯ್ತು’ ಅಂದರೆ ಕನ್ನಡದಲ್ಲಿ ಮುಜುಗರದ ಮಾತಾಗಿಬಿಟ್ಟಿದೆ.

ಈಗ ವಸ್ತುವಿನ ಕಡೆ ಬನ್ನಿ. 20 ಸೆಂ.ಮೀ. ಸಂಗಮದೂರದ ಪೀನ ಮಸೂರವನ್ನು, ಅಂದರೆ ದೂರದಿಂದ ಬಂದ ಕಿರಣಗಳನ್ನು 20 ಸೆಂ.ಮೀ. ಆಚೆ ಕೂಡಿಸುವ ಉಬ್ಬು ಮಸೂರವನ್ನು, ದೂರದ ಕಟ್ಟಡದ ಕಡೆ ಹಿಡಿಯಿರಿ. ಮಸೂರದಿಂದ 20 ಸೆಂ.ಮೀ. ಹಿಂದೆ ಕಾಗದ ಇಟ್ಟರೆ ತಲೆಕೆಳಗಾದ ಪುಟ್ಟ ಕಟ್ಟಡ ಮೂಡುತ್ತದೆ. ಈಗ ನಡುವೆ, 15 ಸೆಂ.ಮೀ. ದೂರದಲ್ಲಿ, 10 ಸೆಂ.ಮೀ. ಸಂಗಮದೂರದ ನಿಮ್ನ ಮಸೂರ (ನಡುವೆ ತೆಳ್ಳಗಿದ್ದು ಕಿರಣಗಳನ್ನು ಚದುರಿಸುವಂಥದ್ದು) ತಂದಿಡಿ. ಕಿರಣಗಳು ಕೂಡಲು ಇನ್ನು 5 ಸೆಂ.ಮೀ. ಇತ್ತು, ಅಷ್ಟರಲ್ಲಿ ಇದು ಅಡ್ಡ ಬಂತು. ಮೊದಲಿನ ಜಾಗದಲ್ಲಿ ಈಗ ಕಾಗದ ಹಿಡಿದರೆ ಬರೀ ಮಸುಕು ಬೆಳಕು. ಕಾಗದವನ್ನು ಇನ್ನೂ 5 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಕಟ್ಟಡ ಮತ್ತೆ ಸ್ಪಷ್ಟವಾಗಿ ಮೂಡುತ್ತದೆ, ಮೊದಲಿಗಿಂತ ಎರಡು ಪಟ್ಟು ದೊಡ್ಡದಾಗಿ. ‘ನಿಮ್ನ ಮಸೂರದಿಂದ ಯಾವಾಗಲೂ ಮಿಥ್ಯ ಬಿಂಬವೇ’ ಅಂತ ಬಾಯಿಪಾಠ ಮಾಡಿದ ಮಕ್ಕಳಿಗೆ ಇದನ್ನು ತೋರಿಸಬೇಕು. ಅವರ ಮುಖ ನೋಡುವುದೇ ನನಗೆ ಸಂತೋಷ.

ಲೆಕ್ಕದಲ್ಲಿ ಆ ನಿಮ್ನ ಮಸೂರಕ್ಕೆ ‘ವಸ್ತು’ ಯಾವುದು? ಅದರ ಹಿಂದೆ 5 ಸೆಂ.ಮೀ. ದೂರದಲ್ಲಿ ಮೂಡದೇ ಹೋದ ಬಿಂಬ. ಬೆಳಕು ಸಾಗುವ ದಿಕ್ಕನ್ನು ಪ್ಲಸ್ ಅಂತ ಹಿಡಿದು ವಸ್ತುದೂರಕ್ಕೆ ಪ್ಲಸ್ 5 ಹಾಕಿದರೆ ಬಿಂಬದೂರ ಪ್ಲಸ್ 10 ಬರುತ್ತದೆ. ಆ ಎರಡು ಮಸೂರಗಳ ನಡುವಿನ ದೂರವನ್ನು 10 ಸೆಂ.ಮೀ.ಗೆ ಇಳಿಸಿದರೆ ಕಿರಣಗಳು ಸಮಾಂತರವಾಗಿ ಹೊರಬರುತ್ತವೆ. 1609ರಲ್ಲಿ ಗೆಲಿಲಿಯೋ ಮಾಡಿಕೊಂಡ ದೂರದರ್ಶಕದ ಏರ್ಪಾಡು ಇದೇ. ಪ್ಲಸ್ ಪವರಿನ ಕನ್ನಡಕದಲ್ಲಿ ದೂರ ನೋಡುವವರ ಕಣ್ಣಿಗೂ ದಿನವಿಡೀ ಸಿಗುವುದು ಇಂಥ ವಸ್ತುವೇ. ಪ್ಲಸ್ 2 ಆದರೆ ಕಿರಣಗಳು ಕೂಡಲು ಹೊರಟ ಜಾಗ ಕನ್ನಡಕದಿಂದ ಅರ್ಧ ಮೀಟರ್ ಹಿಂದೆ, ಅಂದರೆ ನೋಡುವವರ ತಲೆಯ ಆಚೆಗೆ!

ನನ್ನ ತಕರಾರು ಇಲ್ಲೇ. ಮಿಥ್ಯ ಬಿಂಬ ಕಾಣುತ್ತದೆ. ಈ ವಸ್ತು ಯಾರಿಗೂ ಕಾಣುವುದಿಲ್ಲ. ಹಗ್ಗ ಇದೆ, ಆದರೆ ಹಾವನ್ನು ಕಂಡವರೇ ಇಲ್ಲ. ಹಾಗಿರುವಾಗ ಮಿಥ್ಯ ಅನ್ನುವುದು ಹೇಗೆ? ಇಂಗ್ಲಿಷಿನ ‘ವರ್ಚುವಲ್’ ಎರಡಕ್ಕೂ ಸಾಕಾಗುತ್ತದೆ, ಯಾಕೆಂದರೆ ಅದರಲ್ಲಿ ‘ಪರಿಣಾಮದಲ್ಲಿ ಹಾಗೆಯೇ’ ಅನ್ನುವ ಅರ್ಥ ಇದೆ. ಕಿರಣಗಳು ಅಲ್ಲಿಂದ ಬಂದ ಹಾಗೆ ಇದ್ದರೆ ಬಿಂಬ, ಅಲ್ಲಿಗೆ ಹೊರಟ ಹಾಗೆ ಇದ್ದರೆ ವಸ್ತು. ಮೆಜೆಸ್ಟಿಕ್‌ಗೆ ಹೊರಟ ಬಸ್ಸನ್ನು ಕಾರ್ಪೊರೇಷನ್ ಹತ್ತಿರ ಬೇರೆ ದಾರಿಗೆ ತಿರುಗಿಸಿದರೆ ಮೆಜೆಸ್ಟಿಕ್ ಅನ್ನು ಮಿಥ್ಯ ಅನ್ನುತ್ತೇವಾ?

‘ಕಲ್ಪಿತ ವಸ್ತು’ ಅಂತಲೂ ಯೋಚಿಸಿದೆ. ಆದರೆ ಅದು ಯಾರ ಕಲ್ಪನೆಯೂ ಅಲ್ಲ, ಸ್ಕೇಲಿನಲ್ಲಿ ಅಳೆದು ಇಂಥದೇ ಜಾಗ ಅಂತ ಗುರುತು ಹಾಕಬಹುದು. ಸದ್ಯಕ್ಕೆ ನಾನು ಪಾಠದಲ್ಲಿ ‘ಆಗಬೇಕಿದ್ದ ಬಿಂಬ’ ಅನ್ನುತ್ತೇನೆ. ಮಕ್ಕಳಿಗೆ ತಕ್ಷಣ ಹಿಡಿಸುತ್ತದೆ. ಮೊದಲ ಮಸೂರದ ಕಡೆಯಿಂದ ನೋಡಿದರೆ ಅದು ಅದೇ ತಾನೆ. ತೊಡಕು ಏನೆಂದರೆ, ಎರಡನೆಯ ಮಸೂರಕ್ಕೆ ಅದು ವಸ್ತು. ಹೆಸರಿನಲ್ಲಿ ‘ವಸ್ತು’ ಇಲ್ಲದಿದ್ದರೆ ವಸ್ತುದೂರ ಬರೆಯುವಾಗ ಗೊಂದಲ ಆಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರು, ಪಾಠ ಮಾಡುವವರು ಇದಕ್ಕೆ ಏನು ಬಳಸುತ್ತೀರಿ? ‘ಮಿಥ್ಯ ವಸ್ತು’ ಅಂತಲೇ ಹೇಳಿಕೊಡುತ್ತಿದ್ದರೆ, ಮಕ್ಕಳು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅನ್ನುವುದನ್ನೂ ದಯವಿಟ್ಟು ತಿಳಿಸಿ. ‘ವಸ್ತು’ವನ್ನು ಉಳಿಸಿಕೊಂಡು ‘ಅಲ್ಲಿಗೆ ಹೊರಟಿತ್ತು, ಮುಟ್ಟಲಿಲ್ಲ’ ಅನ್ನುವುದನ್ನು ಒಂದೇ ಪದದಲ್ಲಿ ಹೇಳುವ ದಾರಿ ನಿಮಗೆ ಹೊಳೆದರೆ ಬರೆಯಿರಿ.