ಯಶಸ್ವಿನಿ, ಆಯುಷ್ಮಾನ್: ಬಾಕಿ ಉಳಿದ ಮನೆಗಳಿಗೆ ಯಾರು ಯಾರು ಹೋಗುವುದು?

ಶಶಿಕಲಾ (2ನೇ ಅಡ್ಡರಸ್ತೆ, ಹಿರಿಯಡಕ): ನಮ್ಮ ಬಡಾವಣೆಯಲ್ಲೂ ಹಿಂದಿನ ಕಾಲನಿಯಲ್ಲೂ ಯಶಸ್ವಿನಿಗೆ (ಸಹಕಾರಿ ಸಂಘದ ಸದಸ್ಯರಿಗಿರುವ ಸರ್ಕಾರದ ಆರೋಗ್ಯ ಯೋಜನೆ) ಸೇರದ ಮನೆಗಳು ಇನ್ನೂ ಇವೆ. ವಂತಿಗೆ ದೊಡ್ಡದೇನಲ್ಲ. ಗ್ರಾಮೀಣ ಸದಸ್ಯರಿಗೆ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಐದನೆಯವರಿಂದ ತಲೆಗೆ 100. ಆರು ಜನರಿದ್ದರೆ 700. ಆದರೆ ಸಹಕಾರಿ ಸಂಘದ ಸದಸ್ಯತ್ವ ಬೇಕು. ಡೈರಿಗೆ ಹಾಲು ಹಾಕುವವರಿಗೆ, ಸಿ.ಎ. ಬ್ಯಾಂಕಿನಲ್ಲಿ (ಕೃಷಿ ಸಹಕಾರಿ ಬ್ಯಾಂಕು) ಷೇರು ಇರುವವರಿಗೆ ಅದು ಹೇಗೂ ಇರುತ್ತದೆ. ಬೀಡಿ ಕಟ್ಟುವವರು, ಕೂಲಿಗೆ ಹೋಗುವವರು ಇಲ್ಲೇ ಬಿಟ್ಟುಹೋಗುವುದು.

ಗಣೇಶ: ಶಶಿಯಕ್ಕ, ಸಹಕಾರಿ ಬ್ಯಾಂಕಿನ ಸ್ವಸಹಾಯ ಗುಂಪಿನಲ್ಲಿರುವ ಹೆಂಗಸರೂ ಸೇರಬಹುದು. ಗುಂಪಿನ ವಾರದ ಸಭೆಯಲ್ಲಿ ಹೇಳಿದರೆ ಬೇಗ ಹರಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರವೇ ಕಟ್ಟುತ್ತದೆ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಮರೆಯಬೇಡಿ.

ಭಟ್ರು (ದೇವಸ್ಥಾನ ರಸ್ತೆ): ಜನ ಕೇಳುವುದು ಬೇರೆಯೇ. "ಜ್ವರದ ಮದ್ದಿಗೆ ದುಡ್ಡು ಸಿಗ್ತದಾ?" ಇಲ್ಲ ಅಂತ ಮೊದಲೇ ಹೇಳಿ. ಪಟ್ಟಿಯಲ್ಲಿರುವ ಚಿಕಿತ್ಸೆ, ನೋಂದಾಯಿತ ಆಸ್ಪತ್ರೆ, ಸಾಮಾನ್ಯ ವಾರ್ಡು, ಇಷ್ಟಕ್ಕೆ ಮಾತ್ರ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಇದನ್ನು ಮುಚ್ಚಿಟ್ಟು ಸೇರಿಸಿದರೆ ಮುಂದಿನ ವರ್ಷ ನವೀಕರಣಕ್ಕೆ ಯಾರೂ ಬರುವುದಿಲ್ಲ. 2018ರಲ್ಲಿ ಯಶಸ್ವಿನಿ ನಿಂತು 2022ರಲ್ಲಿ ಮತ್ತೆ ಶುರುವಾದದ್ದು ಹಲವರಿಗೆ ನೆನಪಿದೆ. ಆ ಅಪನಂಬಿಕೆ ಕರಪತ್ರ ಹಂಚಿದರೆ ಹೋಗುವುದಿಲ್ಲ ಮಾರಾಯ್ರೆ, ಜಗಲಿಯಲ್ಲಿ ಕೂತು ಮಾತಾಡಬೇಕು. ಗಟ್ಟಿಮುಟ್ಟಾಗಿರುವ ಮನೆಯವರನ್ನೂ ಬಿಡಬೇಡಿ. ಕಾಯಿಲೆ ಇರುವವರು ಮಾತ್ರ ಸೇರಿದರೆ ನಿಧಿ ತಡೆಯುವುದಿಲ್ಲ.

ಪ್ರವೀಣ: ಸಂಘದ ಸದಸ್ಯತ್ವ ಇಲ್ಲದವರಿಗೆ ಈಗಲೇ ಆಯುಷ್ಮಾನ್ ಕಾರ್ಡ್ ಮಾಡಿಸಿ, ಅದು ಸರ್ಕಾರದ ಇನ್ನೊಂದು ಆರೋಗ್ಯ ಯೋಜನೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ. ಎಪಿಎಲ್‌ನವರು ತಮಗಿಲ್ಲ ಅಂತ ಸುಮ್ಮನಿದ್ದಾರೆ. ಅವರಿಗೂ ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ ಉಂಟು. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗದೆ ನೇರ ಖಾಸಗಿಗೆ ಹೋದವರೇ ಬಿಲ್ ಹಿಡಿದು ಸಿಟ್ಟಾಗುವುದು.

ಗ್ರಾಮ ಒನ್‌ನಲ್ಲಿ (ಊರಿನ ಸರ್ಕಾರಿ ಸೇವಾ ಕೇಂದ್ರ) ಕಾರ್ಡ್ ಮಾಡಿಸುವಾಗ ಸಿಕ್ಕಿಬೀಳುವುದು ಎರಡು ಕಡೆ. ಬೀಡಿ ಎಲೆ ಸುತ್ತಿ ಸುತ್ತಿ ಸವೆದ ಬೆರಳನ್ನು ಯಂತ್ರ ಹಿಡಿಯುವುದಿಲ್ಲ. ಆಗ ಒಟಿಪಿ, ಅದಕ್ಕೆ ಆಧಾರ್‌ಗೆ ಈಗಿನ ಮೊಬೈಲ್ ನಂಬರು ಜೋಡಿಸಿರಬೇಕು. ಇನ್ನೊಂದು, ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ರೇಷನ್ ಕಾರ್ಡಿನಲ್ಲೇ ಇರುವುದು.

ಶಶಿಕಲಾ: ಹಾಗಾದರೆ ಭಾನುವಾರ ಹೋಗುವಾಗ ರೇಷನ್ ಕಾರ್ಡು, ಆಧಾರ್ ಎರಡನ್ನೂ ಪಕ್ಕ ಪಕ್ಕ ಇಟ್ಟು ಹೆಸರು, ಇನಿಷಿಯಲ್ ಓದಿ ನೋಡುವ. ತಪ್ಪಿದ್ದವರದ್ದು ಬೇರೆ ಪಟ್ಟಿ. ಭಟ್ರೇ, ನೀವು ಕಾಲನಿ ಕಡೆ ಬರ್ತೀರಾ?

ಭಟ್ರು: ಬರ್ತೇನೆ. ಒಂಬತ್ತಕ್ಕೆ ಡೈರಿ ಹತ್ತಿರ ನಿಂತಿರ್ತೇನೆ.