‘ದುವೋಮೊ’ ಅಂದರೆ ಪ್ರಧಾನಾಲಯವೇ?

ಎಲ್ಲರಿಗೂ ನಮಸ್ಕಾರ.

ಇಟಲಿಯ ಟಸ್ಕನಿ ಸೀಮೆಯ ಗುಡ್ಡದ ಮೇಲಿನ ಊರೊಂದರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಸಾನ್ ಜಿಮಿಞಾನೊ. ಇದನ್ನು ‘ಗಿಮಿಗ್ನಾನೊ’ ಎಂದು ಬರೆಯುವವರಿದ್ದಾರೆ, ತಪ್ಪು. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ನಮ್ಮ ‘ಞ’ಗೆ ಇಲ್ಲಾದರೂ ಕೆಲಸ ಸಿಕ್ಕಿತು.

ರೋಮಿಗೆ ಹೋಗುವ ಯಾತ್ರಿಕರ ದಾರಿಯಲ್ಲಿದ್ದು, ಕೇಸರಿ ಮಾರಿ ದುಡ್ಡು ಮಾಡಿದ ಊರು. ಸಿರಿವಂತ ಮನೆತನಗಳು ಪೈಪೋಟಿಗೆ ಬಿದ್ದು ಎಪ್ಪತ್ತಕ್ಕೂ ಹೆಚ್ಚು ಗೋಪುರ ಎಬ್ಬಿಸಿದ್ದವಂತೆ. 1348ರ ಪ್ಲೇಗು ಊರಿನ ಬೆನ್ನು ಮುರಿಯಿತು. ಕೆಲವೇ ವರ್ಷಗಳಲ್ಲಿ ಅದು ಫ್ಲಾರೆನ್ಸಿನ ಕೈಕೆಳಗೆ ಹೋಯಿತು.

ನನ್ನ ತೊಡಕು ಅಲ್ಲಿನ ದೊಡ್ಡ ಚರ್ಚಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು. 1148ರಲ್ಲಿ ಪ್ರತಿಷ್ಠೆಯಾದದ್ದು. ಊರವರು ‘ದುವೋಮೊ’ ಅನ್ನುತ್ತಾರೆ. ಇಂಗ್ಲಿಷ್ ‘ಡೋಮ್’ ನೆನಪಾಗಿ ಗುಮ್ಮಟ ಹುಡುಕಿದರೆ, ಇದರ ಮೇಲೆ ಗುಮ್ಮಟವೇ ಇಲ್ಲ! ಲ್ಯಾಟಿನ್ನಿನ ‘ದೋಮುಸ್’ ಅಂದರೆ ಮನೆ. ದುವೋಮೊ ಎಂದರೆ ದೇವರ ಮನೆ. ಹಾಗೆಂದು ‘ದೇವರ ಮನೆ’ ಎಂದು ಬರೆದರೆ ಓದುಗರಿಗೆ ಅಡುಗೆಮನೆ ಪಕ್ಕದ ಕೋಣೆ ಕಣ್ಣಿಗೆ ಬರುತ್ತದೆ.

ನಮ್ಮ ಕಥೋಲಿಕರು ಕೆಥೆಡ್ರಲ್‌ಗೆ ‘ಪ್ರಧಾನಾಲಯ’ ಅನ್ನುತ್ತಾರೆ. ಆದರೆ ಅದು ಧರ್ಮಾಧ್ಯಕ್ಷರ (ಬಿಷಪ್ಪರ) ಪೀಠವಿರುವ ಚರ್ಚು. ಈ ಊರಿಗೆ ಸ್ವಂತ ಧರ್ಮಾಧ್ಯಕ್ಷರಿರಲಿಲ್ಲ, ಆ ಕಾಲಕ್ಕೆ ಇದು ವೊಲ್ತೆರಾ ಊರಿನ ಧರ್ಮಾಧ್ಯಕ್ಷರ ಅಧೀನದಲ್ಲಿತ್ತು. ಕಾಗದದ ಮೇಲಿನ ಹೆಸರು ‘ಕೊಲ್ಲೆಜಾತಾ’: ಪೀಠವಿಲ್ಲದೆ, ಪಾದ್ರಿಗಳದೊಂದು ಮಂಡಳಿ ಒಟ್ಟಾಗಿ ಪೂಜೆ-ಪ್ರಾರ್ಥನೆ ನಡೆಸುವ ಚರ್ಚು. ‘ಯಾಜಕಮಂಡಳಿಯ ಚರ್ಚು’ ಎಂದರೆ ಅರ್ಥ ಸರಿ, ಆದರೆ ಸರಕಾರಿ ಸುತ್ತೋಲೆಯಂತೆ ಕೇಳಿಸುತ್ತದೆ. ‘ದೊಡ್ಡ ಇಗರ್ಜಿ’ ಎಂದರೆ ಹೇಗೆ? ಇಗರ್ಜಿ ಪೋರ್ಚುಗೀಸರಿಂದ ಬಂದದ್ದು. ಇಟಾಲಿಯನ್ನಿನ ‘ಕಿಯೇಸಾ’ಕ್ಕೂ ಅದಕ್ಕೂ ಮೂಲ ಒಂದೇ, ‘ಎಕ್ಲೇಸಿಯಾ’. ನನಗೆ ಇದೇ ಇಷ್ಟ. ಕರಾವಳಿಯವರು ಹೇಳಿ: ಇಟಲಿಯ ಚರ್ಚಿಗೆ ಇಗರ್ಜಿ ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಇನ್ನೊಂದು. ಅದರೊಳಗೆ ಸಂತ ಫೀನಾಳ ‘ಕಪ್ಪೆಲ್ಲಾ’ ಇದೆ. ಹಲಗೆಯ ಮೇಲೇ ಮಲಗಿ ನೋವುಂಡು, 1253ರಲ್ಲಿ ಹದಿನೈದರ ಹರೆಯದಲ್ಲಿ ತೀರಿಕೊಂಡ ಹುಡುಗಿ. ಚಿತ್ರಕಾರ ಗಿರ್ಲಾಂದಾಯೊ ಅವಳ ಅಂತ್ಯಸಂಸ್ಕಾರವನ್ನು ಗೋಡೆಯ ಮೇಲೆ ಬರೆದಿದ್ದಾನೆ, ಹಿಂದೆ ಇದೇ ಊರಿನ ಗೋಪುರಗಳು. ಕಪ್ಪೆಲ್ಲಾ ಬೇರೆ ಕಟ್ಟಡವಲ್ಲ, ಚರ್ಚಿನ ಮಗ್ಗುಲಿಗೇ ಸೇರಿದ ಅಂಕಣ. ಸದ್ಯಕ್ಕೆ ‘ಒಳಗುಡಿ’ ಎಂದು ಬರೆದಿಟ್ಟಿದ್ದೇನೆ. ಚಿತ್ರ ಹಸಿ ಗಾರೆಯ ಮೇಲಿನದು, ಹಾಗಾಗಿ ‘ಹಸಿಗಾರೆ ಚಿತ್ರ’. ಬರೀ ಭಿತ್ತಿಚಿತ್ರ ಎಂದರೆ ಆ ಹಸಿತನ ಹೋಗಿಬಿಡುತ್ತದೆ. ‘ಒಳಗುಡಿ’ಗೆ ಮಾತ್ರ ಇನ್ನೂ ಒಳ್ಳೆಯ ಪದ ಇದ್ದರೆ ತಿಳಿಸಿ.