ನೇಪಿಯರ್ ಹುಲ್ಲಿನ ಜೊತೆ ಕುದುರೆ ಮೆಂತೆ ಎಷ್ಟು ಹಾಕ್ತೀರಿ?

ಎರಡು ಎಚ್‌ಎಫ್ (ಹೋಲ್‌ಸ್ಟೀನ್ ತಳಿ) ಹಸು ಇವೆ. ಅರ್ಧ ಎಕರೆಯಲ್ಲಿ ಕೋ-4 ತಳಿಯ ನೇಪಿಯರ್ ಇದೆ. ಹೊಟ್ಟೆ ತುಂಬ ತಿನ್ನುತ್ತವೆ, ಆದರೆ ಹಿಂಡಿ ಸ್ವಲ್ಪ ಕಡಿಮೆ ಮಾಡಿದರೂ ಹಾಲು ಇಳಿಯುತ್ತದೆ. ಕುದುರೆ ಮೆಂತೆ (ಲೂಸರ್ನ್ ಅನ್ನೋ ಹಸಿ ಮೇವು) ಹಾಕಿ ಅಂತಾರೆ. ಅನುಭವ ಇದ್ದವರು ಹೇಳಿ.

ಮಂಡ್ಯ ಕಡೆಯವರು:
ನನ್ನದು ಎರಡು ಪಾಲು ಹುಲ್ಲು, ಒಂದು ಪಾಲು ಕುದುರೆ ಮೆಂತೆ. ಒಂದು ಹಸುವಿಗೆ ದಿನಕ್ಕೆ 20 ಕೆಜಿ ನೇಪಿಯರ್, 8ರಿಂದ 10 ಕೆಜಿ ಕುದುರೆ ಮೆಂತೆ, ಮೇಲೆ 4 ಕೆಜಿ ರಾಗಿ ಹುಲ್ಲು. ಒಣ ತೂಕದ ಲೆಕ್ಕದಲ್ಲಿ ನೇಪಿಯರ್‌ನಲ್ಲಿ ಪ್ರೋಟೀನ್ ಶೇ. 8–10 ಇದ್ದರೆ, ಕುದುರೆ ಮೆಂತೆಯಲ್ಲಿ ಸುಮಾರು 20. ಆದರೆ ನೇಪಿಯರ್ 45 ದಿನಕ್ಕೊಮ್ಮೆ ಕೊಯ್ಯಿರಿ. ಕಡ್ಡಿ ಬಲಿತ ಮೇಲೆ ಏನು ಬೆರೆಸಿದರೂ ಆ ಕಡ್ಡಿ ಗೋದಲಿಯಲ್ಲೇ ಉಳಿಯುತ್ತದೆ.

ಕೋಲಾರದವರು:
ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಇಬ್ಬನಿ ಆರುವ ಮೊದಲೇ ಎಳೆ ಕುದುರೆ ಮೆಂತೆ ಕೊಯ್ದು, ಖಾಲಿ ಹೊಟ್ಟೆಗೆ ಅದೊಂದನ್ನೇ ಹಾಕಿದೆ. ಗಂಟೆಯೊಳಗೆ ಎಡಗಡೆ ಹೊಟ್ಟೆ ತಮಟೆ ಹಾಗೆ ಉಬ್ಬಿತು. ಡಾಕ್ಟ್ರು ಬಂದಿದ್ದಕ್ಕೆ ಹಸು ಉಳಿಯಿತು. ಈಗ ಬೆಳಗ್ಗೆ ಮೊದಲು ರಾಗಿ ಹುಲ್ಲು. ಕುದುರೆ ಮೆಂತೆಯನ್ನು ಹಿಂದಿನ ಸಂಜೆಯೇ ಕೊಯ್ದು, ನೆರಳಲ್ಲಿ ತೆಳುವಾಗಿ ಹರಡಿ ಬಾಡಿಸುತ್ತೇನೆ. ಆಮೇಲೆ ನೇಪಿಯರ್ ಜೊತೆಯಲ್ಲೇ ಮೇವು ಕತ್ತರಿಸೋ ಚಾಫ್ ಕಟರ್‌ಗೆ ಕೊಡುತ್ತೇನೆ. ಬೇರೆ ಬೇರೆ ಹಾಕಿದರೆ ಮಕ್ಕಳು ಚಿತ್ರಾನ್ನದಲ್ಲಿ ಕಡಲೆಬೀಜ ಆರಿಸೋ ಹಾಗೆ ಆರಿಸಿ ತಿನ್ನುತ್ತವೆ.

ತಿಪಟೂರಿನವರು:
ಕುದುರೆ ಮೆಂತೆಗೆ ನೀರು ಜಾಸ್ತಿ ಬೇಕು, ನಮ್ಮ ಬೋರ್‌ನಲ್ಲಿ ಅಷ್ಟಿಲ್ಲ. ಮುಸುಕಿನ ಜೋಳ ಮೂರು ಸಾಲು, ಅಲಸಂದೆ ಒಂದು ಸಾಲು ಹಾಕುತ್ತೇವೆ. ಬಳ್ಳಿ ಜೋಳಕ್ಕೇ ಹಬ್ಬುತ್ತದೆ, ಎರಡು ತಿಂಗಳಿಗೆ ಎರಡನ್ನೂ ಒಟ್ಟಿಗೆ ಕೊಯ್ದರಾಯಿತು, ಬೆರೆಸೋ ಕೆಲಸವೇ ಇಲ್ಲ. ಬದುವಿನಲ್ಲಿ ಅಗಸೆ ಮರ ಇದೆ, ಗೊಬ್ಬರದ ಗಿಡವೂ (ಗ್ಲಿರಿಸಿಡಿಯಾ) ಇದೆ. ಗೊಬ್ಬರದ ಗಿಡದ ವಾಸನೆಗೆ ಮೊದಲು ಮೂತಿ ತಿರುಗಿಸುತ್ತವೆ. ಬಾಡಿಸಿ ಕೊಟ್ಟರೆ ಒಗ್ಗಿಕೊಳ್ಳುತ್ತವೆ. ಸುಬಾಬುಲ್ ಮರದ ಸೊಪ್ಪು ಮಾತ್ರ ಹಸಿ ಮೇವಿನ ಮೂರನೇ ಒಂದು ಪಾಲು ದಾಟಬಾರದು. ಅದರಲ್ಲಿರೋ ಮಿಮೋಸಿನ್ ಅನ್ನೋ ವಿಷದ ಅಂಶದಿಂದ ಕೂದಲು ಉದುರುತ್ತದೆ.

ಕೇಳಿದವರು:
ಹಾಗಾದರೆ ಹಿಂಡಿ ನಿಲ್ಲಿಸಬಹುದಾ?

ಮಂಡ್ಯ ಕಡೆಯವರು:
ಬೇಡ ಬೇಡ! ಹೊಸ ಮೇವನ್ನು ದಿನಕ್ಕೆ ಒಂದು ಕೆಜಿಯಂತೆ ಏರಿಸುತ್ತಾ ಹತ್ತು ದಿನ ತೆಗೆದುಕೊಳ್ಳಿ. ಆಮೇಲೆ ಹಿಂಡಿ ಅರ್ಧ ಕೆಜಿ ಇಳಿಸಿ, ಒಂದು ವಾರ ಹಾಲು ಅಳೆದು ನೋಡಿ. ಇಳಿಯದಿದ್ದರೆ ಇನ್ನರ್ಧ. ನನ್ನ ಹಸು 12 ಲೀಟರ್ ಕೊಡುತ್ತದೆ, ಅದಕ್ಕೆ ಒಂದು ಕೆಜಿ ಉಳಿಯಿತು ಅಷ್ಟೇ.